ಬಯಲು

ಹಳಗನ್ನಡದ ರೂಪ ‘ಬಯಲ್’. ತಮಿಳು, ಮಲಯಾಳಗಳ ‘ವಯಲ್’ ಇದರ ಒಡಹುಟ್ಟು. ಅಲ್ಲಿ ಮುಖ್ಯವಾಗಿ ಗದ್ದೆ ಎಂಬ ಅರ್ಥ. ಪದದ ಮೊದಲ ವಕಾರ ಕನ್ನಡದಲ್ಲಿ ಬಕಾರವಾಗುವುದು ವಾಡಿಕೆ. ‘ವಾಯ್’ ನಮ್ಮಲ್ಲಿ ‘ಬಾಯಿ’ ಆದ ಹಾಗೆ. ಬಯಲುಸೀಮೆ, ಬಯಲಾಟ ಎನ್ನುವಾಗ ಇರುವುದು ಮರೆಯಿಲ್ಲದ, ತೆರೆದ ಜಾಗದ ಅರ್ಥ.

ಇಷ್ಟು ಮಣ್ಣಿನ ಪದವನ್ನು 12ನೇ ಶತಮಾನದ ಶರಣರು, ಅದರಲ್ಲೂ ಅಲ್ಲಮಪ್ರಭು, ಪರತತ್ತ್ವದ ಹೆಸರಾಗಿಸಿದರು. ಸಂಸ್ಕೃತದ ‘ಶೂನ್ಯ’ವೂ ಅವರಿಗೆ ಹೊರತಾಗಿರಲಿಲ್ಲ. ಅಲ್ಲಮನನ್ನು ನಡುವೆ ನಿಲ್ಲಿಸಿ 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಹೆಣೆದ ಕೃತಿಯ ಹೆಸರು ‘ಶೂನ್ಯಸಂಪಾದನೆ’. ಆದರೂ ಶೂನ್ಯವೆಂದೊಡನೆ ಇಂದಿನ ಓದುಗರಿಗೆ ಏನೂ ಇಲ್ಲದ್ದರ ಅಳುಕು ಮೂಡುತ್ತದೆ. ಬಯಲೆಂದರೆ ಹಾಗಾಗದು. ಅಲ್ಲಿ ಗಾಳಿಗೆ, ಮಳೆಗೆ, ದನಕರುವಿಗೆ ಎಡೆಯಿದೆ, ಗೋಡೆಯೊಂದೇ ಇಲ್ಲ. ಶಾಶ್ವತವಾದದ್ದನ್ನು ಹುಡುಕುವ ನನ್ನಂಥವರಿಗೆ ಧೈರ್ಯ ಕೊಡುವುದು ಈ ಅರ್ಥವೇ. ದಕ್ಕಿಸಿಕೊಂಡು ಬಚ್ಚಿಡಬೇಕಾದ ವಸ್ತುವಾಗಿ ನಿತ್ಯವನ್ನು ಕಾಣುತ್ತಿದ್ದವರು, ಅದು ಬಯಲೆಂದು ತಿಳಿದಾಗ, ‘ನಾನು’ ಎಂಬ ಬೇಲಿ ಎಲ್ಲಿದೆ ಎಂದು ಹುಡುಕತೊಡಗುತ್ತೇವೆ.

‘ಬಯಲಾಗು’ ಕ್ರಿಯಾಪದವನ್ನೂ ಗಮನಿಸಬೇಕು. ಗುಟ್ಟು ಬಯಲಾದರೆ ಎಲ್ಲರಿಗೂ ತಿಳಿಯಿತು. ಶರಣರು ಬಯಲಾದರೆಂದರೆ ಪರವಸ್ತುವಿನಲ್ಲಿ ಒಂದಾದರು. ಬಯಲೆಂಬ ಕಲ್ಪನೆಯನ್ನೂ ದಾಟಿದ ನಿಲುವಿಗೆ ವಚನಗಳಲ್ಲಿ ‘ನಿರ್ಬಯಲು’ ಎಂಬ ಮತ್ತೊಂದು ಪದವಿದೆ: ಸಂಸ್ಕೃತದ ಉಪಸರ್ಗ, ಕನ್ನಡದ ನಾಮಪದ.