ಫಲಾನುಸಾರ ವೇತನ: ಇಂಗ್ಲೆಂಡಿನ 1862ರ ಪರಿಷ್ಕೃತ ನಿಯಮಾವಳಿ

ವಿದ್ಯಾರ್ಥಿಗಳ ಪ್ರಗತಿಯನ್ನು ಅಳೆದು, ಅದಕ್ಕೆ ತಕ್ಕಂತೆ ಉಪಾಧ್ಯಾಯರಿಗೆ ಹೆಚ್ಚಿನ ಹಣವನ್ನು ಕೊಡಬೇಕೆಂಬ ವಾದವು ಕೆಲವು ದಶಕಗಳಿಂದ ಅನೇಕ ದೇಶಗಳಲ್ಲಿ ಕೇಳಿಬರುತ್ತಿದೆ. ಇದನ್ನು ಮಂಡಿಸುವವರಲ್ಲಿ ಹಲವರು ಇದೊಂದು ನೂತನ ವಿಚಾರವೆಂದೇ ಭಾವಿಸಿರುವಂತೆ ತೋರುತ್ತದೆ. ಆದರೆ ಇತಿಹಾಸವನ್ನು ವ್ಯಾಸಂಗ ಮಾಡುವವರಿಗೆ ಇದು ಹೊಸದಲ್ಲ. ಇಂಗ್ಲೆಂಡು 1862ರಿಂದ ಸುಮಾರು ಮೂವತ್ತೈದು ವರ್ಷಗಳ ಕಾಲ ಸಹಾಯಧನ ಪಡೆಯುವ ತನ್ನ ಪ್ರಾಥಮಿಕ ಶಾಲೆಗಳನ್ನು ಇದೇ ತತ್ತ್ವದ ಮೇಲೆ ನಡೆಸಿತು. ಅದೇ ತತ್ತ್ವ ನಮ್ಮ ದೇಶಕ್ಕೂ ಬಂದಿತು.

ಬ್ರಿಟಿಷ್ ಪಾರ್ಲಿಮೆಂಟು ಬಡಮಕ್ಕಳ ಶಾಲೆಗಳಿಗಾಗಿ ಮೊದಲ ಬಾರಿಗೆ ಹಣ ಮಂಜೂರು ಮಾಡಿದ್ದು 1833ರಲ್ಲಿ. ಆ ಮೊತ್ತ 20,000 ಪೌಂಡು. 1861ರ ವೇಳೆಗೆ ಅದು ಎಂಟು ಲಕ್ಷ ಪೌಂಡುಗಳನ್ನು ಮೀರಿತ್ತು. ಕ್ರಿಮಿಯ ಯುದ್ಧದ ವೆಚ್ಚದಿಂದ ಬಳಲಿದ್ದ ಬೊಕ್ಕಸಕ್ಕೆ ಇದು ಭಾರವೆನಿಸಿದುದರಲ್ಲಿ ಆಶ್ಚರ್ಯವಿಲ್ಲ. 1858ರಲ್ಲಿ ನೇಮಕಗೊಂಡು 1861ರಲ್ಲಿ ವರದಿ ಸಲ್ಲಿಸಿದ ನ್ಯೂಕಾಸಲ್ ಆಯೋಗವು ಹಣದ ವಿಚಾರಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿತು. ಶಾಲೆಗಳಲ್ಲಿ ಮೇಲಿನ ತರಗತಿಯ ಕೆಲವೇ ಮಕ್ಕಳಿಗೆ ಒಳ್ಳೆಯ ಪಾಠ ದೊರೆಯುತ್ತಿತ್ತು. ಕೆಳಗಿನ ತರಗತಿಗಳ ಬಹುಪಾಲು ಮಕ್ಕಳು ಓದು ಬರಹಗಳಲ್ಲಿ ಸಹ ಗಟ್ಟಿಯಾಗದೆ ಶಾಲೆ ಬಿಡುತ್ತಿದ್ದರು. ಈ ಆಕ್ಷೇಪಣೆ ನಿರಾಧಾರವಾದುದಲ್ಲ. ಪದ್ಧತಿಯನ್ನು ಖಂಡಿಸುವವರು ಇದನ್ನು ಮರೆಯುವುದು ನ್ಯಾಯವಲ್ಲ.

ಆಗ ವಿದ್ಯಾಭ್ಯಾಸ ಸಮಿತಿಯ ಉಪಾಧ್ಯಕ್ಷನಾಗಿದ್ದವನು ರಾಬರ್ಟ್ ಲೋ. ತರುಣನಾಗಿದ್ದಾಗ ಆಕ್ಸ್‌ಫರ್ಡಿನಲ್ಲಿ ಖಾಸಗಿ ಪಾಠ ಹೇಳಿ ಜೀವಿಸಿದ್ದ ಈತನಿಗೆ, ಬೋಧನೆಯೂ ಪೇಟೆಯ ಇತರ ಸರಕುಗಳಂತೆಯೇ ಎಂದು ತೋರಿದ್ದರೆ ಅದು ಸಹಜವೇ ಇರಬಹುದು. ತನ್ನ ಪದ್ಧತಿಯು ಅಗ್ಗವಾಗದಿದ್ದರೆ ಫಲಕಾರಿಯಾದೀತು, ಫಲಕಾರಿಯಾಗದಿದ್ದರೆ ಅಗ್ಗವಾದೀತು ಎಂಬ ಅರ್ಥದ ಆಶ್ವಾಸನೆಯನ್ನು ಅವನು ಕಾಮನ್ಸ್ ಸಭೆಗೆ ನೀಡಿದನು.

ನಿಯಮಾವಳಿಯ ಲೆಕ್ಕಾಚಾರ ಹೀಗಿತ್ತು. ಸರಾಸರಿ ಹಾಜರಾತಿಯ ಮೇಲೆ ಪ್ರತಿ ಮಗುವಿಗೆ 4 ಷಿಲ್ಲಿಂಗು. ಆರು ವರ್ಷ ಮೀರಿದ ಮಗುವು 200 ಹೊತ್ತಿನ ಹಾಜರಾತಿಯನ್ನು ಪೂರೈಸಿ ಓದು, ಬರಹ, ಲೆಕ್ಕ ಈ ಮೂರರಲ್ಲಿಯೂ ಇನ್‌ಸ್ಪೆಕ್ಟರರ ಮುಂದೆ ತೇರ್ಗಡೆಯಾದರೆ ಇನ್ನೂ 8 ಷಿಲ್ಲಿಂಗು. ಒಂದೊಂದು ವಿಷಯದಲ್ಲಿ ಸೋತರೂ 2 ಷಿಲ್ಲಿಂಗು 8 ಪೆನ್ಸು ಕಡಿತ. ಪರೀಕ್ಷೆಗೆ ಆರು ದರ್ಜೆಗಳನ್ನು ಗೊತ್ತುಮಾಡಲಾಯಿತು. ಮೊದಲನೆಯ ದರ್ಜೆಯ ಮಗುವು ಇಪ್ಪತ್ತರವರೆಗಿನ ಅಂಕಿಗಳನ್ನು ಗುರುತಿಸಿ ಬರೆಯಬೇಕು. ಆರನೆಯ ದರ್ಜೆಯ ಮಗುವು ವೃತ್ತಪತ್ರಿಕೆಯ ಒಂದು ಸಾಧಾರಣ ಭಾಗವನ್ನು ಓದಬೇಕು, ಅಂಥದೇ ಇನ್ನೊಂದನ್ನು ಉಕ್ತಲೇಖನವಾಗಿ ಬರೆಯಬೇಕು. ಅದುವರೆಗೆ ಪ್ರಮಾಣಪತ್ರ ಪಡೆದ ಉಪಾಧ್ಯಾಯರಿಗೆ ಸರಕಾರದಿಂದ ನೇರವಾಗಿ ಸಲ್ಲುತ್ತಿದ್ದ ಹಣವು ನಿಂತುಹೋಯಿತು. ಎಲ್ಲವೂ ಶಾಲಾ ವ್ಯವಸ್ಥಾಪಕರ ಕೈಗೆ ಬಂದಿತು. ಅವರಲ್ಲಿ ಅನೇಕರು ಸಹಾಯಧನದ ಒಂದಂಶವನ್ನೇ ಉಪಾಧ್ಯಾಯನ ಸಂಬಳವೆಂದು ಕರಾರು ಮಾಡಿಕೊಂಡರು.

ಇಲ್ಲಿ ಒಂದು ಷರತ್ತನ್ನು ವಿಶೇಷವಾಗಿ ಗಮನಿಸಬೇಕು. ಒಮ್ಮೆ ಒಂದು ದರ್ಜೆಯಲ್ಲಿ ಪರೀಕ್ಷೆಗೆ ಕುಳಿತ ಮಗುವನ್ನು ಮತ್ತೆ ಅದೇ ದರ್ಜೆಗಾಗಲಿ ಅದಕ್ಕಿಂತ ಕೆಳಗಿನದಕ್ಕಾಗಲಿ ಕೂರಿಸುವಂತಿರಲಿಲ್ಲ. ಅಂದರೆ ಹಣ ಸಲ್ಲುತ್ತಿದ್ದುದು ಕೇವಲ ತಿಳಿವಳಿಕೆಗಲ್ಲ, ವರ್ಷಕ್ಕೆ ಒಂದು ಮೆಟ್ಟಿಲಿನಂತೆ ಏರಿದ ಪ್ರಗತಿಗೆ. ಇಂದಿನವರು ಹೇಳುವ ಪ್ರಗತಿಯ ಅಳತೆ ಒರಟಾದ ರೂಪದಲ್ಲಿ ಆಗಲೇ ಇತ್ತು. ಆದರೆ ಆ ಮೆಟ್ಟಿಲು ಎಲ್ಲ ಮಕ್ಕಳಿಗೂ ಒಂದೇ ಎತ್ತರದ್ದಾಗಿತ್ತು. ಹಸಿವಿನಿಂದ ಬಂದ ಮಗುವಿಗೂ, ಸುಗ್ಗಿಯ ಕಾಲದಲ್ಲಿ ಹೊಲಕ್ಕೆ ಹೋಗಿ ತಿಂಗಳುಗಟ್ಟಲೆ ತಪ್ಪಿಸಿಕೊಂಡ ಮಗುವಿಗೂ ಅಷ್ಟೇ. ಅಂಥ ಮಗುವು ಅರ್ಧ ಮೆಟ್ಟಿಲನ್ನು ಏರಿದರೆ ಉಪಾಧ್ಯಾಯನಿಗೆ ದೊರೆಯುತ್ತಿದ್ದುದು ಏನೂ ಇಲ್ಲ.

ಪರಿಣಾಮವೇನಾಯಿತು? ಬೊಕ್ಕಸದ ಮಟ್ಟಿಗೆ ರಾಬರ್ಟ್ ಲೋನ ಮಾತಿನ ಎರಡನೆಯ ಭಾಗವಂತೂ ನಿಜವಾಯಿತು: 1865ರಲ್ಲಿ ಸಹಾಯಧನವು ಸುಮಾರು 6,36,000 ಪೌಂಡುಗಳಿಗೆ ಇಳಿದಿತ್ತು. ಶಾಲೆಯೊಳಗಿನ ಸ್ಥಿತಿಯನ್ನು ತಿಳಿಯಲು ಕವಿ ಮ್ಯಾಥ್ಯೂ ಆರ್ನಲ್ಡನ ವರದಿಗಳು ಅಮೂಲ್ಯವಾಗಿವೆ. 1851ರಿಂದ 1886ರವರೆಗೆ ಇನ್‌ಸ್ಪೆಕ್ಟರನಾಗಿದ್ದ ಈತನು ನಿಯಮಾವಳಿಯು ಜಾರಿಗೆ ಬರುವ ಮೊದಲೇ ತನ್ನ ಮೇಲಧಿಕಾರಿಗಳ ವಿರುದ್ಧ ಪತ್ರಿಕೆಯಲ್ಲಿ ಲೇಖನ ಬರೆದವನು. ಸರಕಾರಿ ನೌಕರನೊಬ್ಬನಿಗೆ ಇದು ಸಾಮಾನ್ಯವಾದ ಧೈರ್ಯವಲ್ಲ. ಮುಂದೆ ಅವನು ಕಂಡದ್ದೇನೆಂದರೆ, ಮಕ್ಕಳು ಪಠ್ಯಪುಸ್ತಕವನ್ನು ಬಾಯಿಪಾಠ ಮಾಡಿ ಓದಿನಲ್ಲಿ ತೇರ್ಗಡೆಯಾಗುತ್ತಿದ್ದರು. ಅಪರಿಚಿತವಾದ ಪುಸ್ತಕವನ್ನು ಮುಂದಿಟ್ಟರೆ ತಡವರಿಸುತ್ತಿದ್ದರು. ಹಣ ತಾರದ ಚರಿತ್ರೆ ಭೂಗೋಳಗಳು ಹಿಂದೆ ಸರಿದವು. ಅವುಗಳನ್ನು ಮತ್ತೆ ಕರೆತರಲು 1867ರಲ್ಲಿ ಅವುಗಳಿಗೂ ಹಣ ಗೊತ್ತುಪಡಿಸಬೇಕಾಯಿತು! ಕಾಯಿಲೆ ಬಿದ್ದ ಮಕ್ಕಳನ್ನು ಸಹ ಪರೀಕ್ಷೆಯ ದಿನ ಹೊತ್ತು ತರುತ್ತಾರೆಂಬ ದೂರು ಪದೇ ಪದೇ ಕೇಳಿಬಂದಿತು.

ಉಪಾಧ್ಯಾಯರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ತಿಳಿಯುವುದು ಕಷ್ಟ. ಇದೇ ನಿಯಮಾವಳಿಯು ಪ್ರತಿ ಶಾಲೆಯೂ ದಿನಚರಿ ಪುಸ್ತಕವೊಂದನ್ನು ಇಡಬೇಕೆಂದು ವಿಧಿಸಿತು. ಆ ಕಾಲದ ಶಾಲೆಗಳನ್ನು ಕುರಿತು ಸಂಶೋಧಕರಿಗೆ ಇಂದು ಅವೇ ದೊಡ್ಡ ಆಧಾರ. ಆದರೆ ಅದರಲ್ಲಿ ಸಾಮಾನ್ಯ ಅಭಿಪ್ರಾಯಗಳನ್ನು ಬರೆಯಕೂಡದೆಂಬ ನಿರ್ಬಂಧವೂ ಇತ್ತು. ಹಾಜರಾತಿ, ಮಳೆ, ದಡಾರ, ಇನ್‌ಸ್ಪೆಕ್ಟರರ ಭೇಟಿ ಇವುಗಳ ನಡುವೆ ಅವರ ಅಳಲನ್ನು ನಾವೇ ಊಹಿಸಿಕೊಳ್ಳಬೇಕು.

ಭಾರತದಲ್ಲಿ 1854ರ ವುಡ್ಡನ ಆಜ್ಞಾಪತ್ರದಿಂದ ಸಹಾಯಧನದ ಕ್ರಮ ಬಂದಿತ್ತು. 1860ರ ದಶಕದಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳು ಫಲಾನುಸಾರದ ತತ್ತ್ವವನ್ನು ಅದಕ್ಕೆ ಜೋಡಿಸಿದವು. ಧಾರವಾಡ, ಬೆಳಗಾವಿಗಳು ಮುಂಬಯಿಗೂ, ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೂ ಸೇರಿದ್ದುದರಿಂದ ಕನ್ನಡನಾಡಿನ ಈ ಭಾಗಗಳ ಸಹಾಯಪ್ರಾಪ್ತ ಶಾಲೆಗಳೂ ಆ ನಿಯಮಗಳಿಗೆ ಒಳಪಟ್ಟವು. 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳಲ್ಲಿ ಈ ಕ್ರಮ ಬಹುಮಟ್ಟಿಗೆ ಇರಲೆಂದೇ ಸೂಚಿಸಿತು. ಹಿಂದುಳಿದ ಜಿಲ್ಲೆಗಳಿಗೆ ಮಾತ್ರ ವಿನಾಯಿತಿಯನ್ನು ಒಪ್ಪಿತು, ಕಾಲೇಜುಗಳಿಗೆ ಅದು ಬೇಡವೆಂದಿತು. ಇಂಗ್ಲೆಂಡಿನಲ್ಲಿ ಈ ಪದ್ಧತಿಯ ಬುಡ ಸಡಿಲವಾಗುತ್ತಿದ್ದಾಗ ಇಲ್ಲಿ ಅದಕ್ಕೆ ಶಿಫಾರಸು ದೊರೆತುದು ವಿಚಿತ್ರ. ಅಲ್ಲಿ 1886ರಿಂದ 1888ರವರೆಗೆ ಕ್ರಾಸ್ ಆಯೋಗವು ವಿಚಾರಣೆ ನಡೆಸಿತು. 1890ರ ನಿಯಮಾವಳಿಯು ಅದರ ಬಹುಭಾಗವನ್ನು ಕಳಚಿತು. ಆ ದಶಕ ಮುಗಿಯುವುದರೊಳಗೆ ಅದು ಇಲ್ಲವಾಯಿತು. ಇಲ್ಲಿ ಲಾರ್ಡ್ ಕರ್ಜನ್ನನ ಕಾಲದವರೆಗೆ ಕಾಯಬೇಕಾಯಿತು.

ಇಷ್ಟರಿಂದಲೇ ಬಹುಮಾನದ ತತ್ತ್ವವೇ ಕೆಟ್ಟದ್ದೆಂದು ತೀರ್ಮಾನಿಸಲು ಈ ಲೇಖಕನು ಸಿದ್ಧನಿಲ್ಲ. ಅಮೆರಿಕದ ನ್ಯಾಷ್ವಿಲ್ ನಗರದಲ್ಲಿ 2006ರಿಂದ ಮೂರು ವರ್ಷ ಗಣಿತೋಪಾಧ್ಯಾಯರಿಗೆ 15,000 ಡಾಲರುಗಳವರೆಗೆ ಬಹುಮಾನ ಒಡ್ಡಿದರೂ ಮಕ್ಕಳ ಕಲಿಕೆಯಲ್ಲಿ ಒಟ್ಟಾರೆ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂಬುದು ನಿಜ. ಆದರೆ 2005ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಗ್ರಾಮಾಂತರ ಸರಕಾರಿ ಶಾಲೆಗಳಲ್ಲಿ ಕಾರ್ತಿಕ ಮುರಳೀಧರನ್ ಮತ್ತು ವೆಂಕಟೇಶ ಸುಂದರರಾಮನ್ ಆರಂಭಿಸಿದ ಪ್ರಯೋಗದ ಫಲ ಬೇರೆಯಾಗಿತ್ತು. ಮಕ್ಕಳ ಅಂಕಗಳ ಸರಾಸರಿ ಸುಧಾರಣೆಗೆ ಉಪಾಧ್ಯಾಯರ ವಾರ್ಷಿಕ ಸಂಬಳದ ಶೇಕಡ 3ರಷ್ಟು ಸರಾಸರಿ ಬಹುಮಾನ ಕೊಟ್ಟಾಗ, ಎರಡು ವರ್ಷಗಳಲ್ಲಿ ಗಣಿತ ಮತ್ತು ಭಾಷೆಗಳೆರಡರಲ್ಲಿಯೂ ಆ ಶಾಲೆಗಳ ಮಕ್ಕಳು ಇತರರಿಗಿಂತ ಮುಂದಿದ್ದರು. ಬಹುಮಾನವಿಲ್ಲದ ವಿಜ್ಞಾನ ಸಮಾಜಶಾಸ್ತ್ರಗಳು ಕೂಡ ಸೊರಗದೆ ಸುಧಾರಿಸಿದವು. ಉಪಾಧ್ಯಾಯರ ಹಾಜರಾತಿ ಹೆಚ್ಚಲಿಲ್ಲ. ಬಂದವರು ಹೆಚ್ಚಿನ ಪಾಠ ಹೇಳಿದರು, ಮನೆಗೆಲಸ ಕೊಟ್ಟರು.

ಎರಡಕ್ಕೂ ಇರುವ ಅಂತರವನ್ನು ಹಣದ ಮೊತ್ತದಲ್ಲಿ ಹುಡುಕುವುದಕ್ಕಿಂತ ಅದನ್ನು ಎಲ್ಲಿಂದ ತಂದರೆಂಬುದರಲ್ಲಿ ಹುಡುಕುವುದು ಸೂಕ್ತವೆಂದು ನನಗೆ ತೋರುತ್ತದೆ. ಆಂಧ್ರದ ಉಪಾಧ್ಯಾಯನ ಸಂಬಳವು ಮೊದಲಿನಂತೆಯೇ ಉಳಿದು, ಬಹುಮಾನವು ಅದರ ಮೇಲೆ ಬಂದಿತು. ಹಿಂದುಳಿದ ಮಗುವಿನ ಅಲ್ಪ ಏಳಿಗೆಯೂ ಸರಾಸರಿಗೆ ಸೇರಿತು. ವಿಕ್ಟೋರಿಯ ಕಾಲದ ಉಪಾಧ್ಯಾಯನಿಗಾದರೋ ಪರೀಕ್ಷೆಯ ಕೊಠಡಿಯಲ್ಲಿ ತಡವರಿಸಿದ ಪ್ರತಿಯೊಂದು ಮಗುವೂ ತನ್ನ ಮನೆಯ ರೊಟ್ಟಿಯಿಂದ ಕಳೆದ 2 ಷಿಲ್ಲಿಂಗು 8 ಪೆನ್ಸು ಆಗಿದ್ದಿತು.