ಮಹಾವೀರಾಚಾರ್ಯರ ಹಣ್ಣಿನ ಲೆಕ್ಕ

ಪುತ್ತೂರು, ಸುಳ್ಯ, ಕಡಬಗಳ ಶಾಲೆಗಳಲ್ಲಿ ಮಕ್ಕಳು ಕಲಿಯುವ ಸರಳ ಸಮೀಕರಣಗಳು ಕನ್ನಡ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಂಥದೊಂದು ಲೆಕ್ಕವಿದೆ: 9 ಮಾದಲ, 7 ಬೇಲದ ಹಣ್ಣುಗಳ ಬೆಲೆ 107, 7 ಮಾದಲ, 9 ಬೇಲಗಳ ಬೆಲೆ 101. ಒಂದೊಂದರ ಬೆಲೆಯೆಷ್ಟು?

ಕೂಡಿಸಿದರೆ ಎರಡೂ ಹಣ್ಣುಗಳು ಹದಿನಾರರಂತೆ ಬಂದು ಬೆಲೆ 208 ಆಗುವುದು. ಅಂದರೆ ಒಂದು ಮಾದಲ, ಒಂದು ಬೇಲ ಸೇರಿ 13. ಕಳೆದರೆ ಮಾದಲದ ಬೆಲೆ ಬೇಲಕ್ಕಿಂತ 3 ಹೆಚ್ಚೆಂದು ತಿಳಿಯುವುದು. ಆದುದರಿಂದ ಮಾದಲ 8, ಬೇಲ 5. ನಕ್ಷೆಯಲ್ಲಿ ಎರಡು ರೇಖೆಗಳು ಸಂಧಿಸುವ ಬಿಂದುವೂ ಇದೇ.

ಮೊದಲ ಹೇಳಿಕೆಯನ್ನಷ್ಟೇ ನಂಬಿದರೆ ಅದರ ರೇಖೆಯುದ್ದಕ್ಕೂ ಹಲವು ಉತ್ತರಗಳು ಸಾಧ್ಯ. ಎರಡನೆಯದನ್ನೂ ಆಲಿಸಿದವನಿಗೆ ಮಾತ್ರ ನಿಜವಾದ ಬೆಲೆ ದೊರಕುತ್ತದೆ. ವ್ಯಾಪಾರಕ್ಕೂ ನ್ಯಾಯತೀರ್ಮಾನಕ್ಕೂ ಈ ಪಾಠ ಸಲ್ಲುತ್ತದೆ.