ಬಂಡೆಯ ಮೇಲಿನ ಎರಡು ಗಡಿಗಳು: ಬಾರ್ನಕಲ್ ಪಟ್ಟಿಗಳ ಕುರಿತ ಕಾನೆಲ್ ಪ್ರಯೋಗದ ಮರುಪರಿಶೀಲನೆ

ಇಳಿತದ ಹೊತ್ತಿಗೆ ಸ್ಕಾಟ್ಲೆಂಡಿನ ಕಲ್ಲುದಂಡೆಗಳಲ್ಲಿ, ಬಂಡೆಗೆ ಅಂಟಿ ಬದುಕುವ ಚಿಪ್ಪುಜೀವಿಗಳಾದ ಬಾರ್ನಕಲ್‌ಗಳ ಎರಡು ಪಟ್ಟಿಗಳು ಒಂದರ ಮೇಲೊಂದು ಕಾಣುತ್ತವೆ. ಮೇಲಿನದು ಸಣ್ಣ ಗಾತ್ರದ ಥ್ಯಾಮಲಸ್, ಕೆಳಗಿನದು ಬೇಗ ಬೆಳೆಯುವ ಬಲಾನಸ್ (ಇಂದಿನ ಹೆಸರು ಸೆಮಿಬಲಾನಸ್). ಥ್ಯಾಮಲಸ್ ಮರಿಗಳು ಬಲಾನಸ್ ಪಟ್ಟಿಯಲ್ಲೂ ಬಂದು ಅಂಟಿಕೊಳ್ಳುತ್ತವೆ. ಆದರೆ ಅಲ್ಲಿ ಬಲಿತವು ಸಿಗುವುದು ಅಪರೂಪ. ಇದಕ್ಕೆ ಕಾರಣ ನೀರಿನಡಿ ಹೆಚ್ಚು ಹೊತ್ತು ಮುಳುಗಿರುವುದೋ, ನೆರೆಯ ಜೀವಿಯೋ? ಬರಿಯ ವೀಕ್ಷಣೆಯಿಂದ ಇದು ಇತ್ಯರ್ಥವಾಗದು.

ಪರಿಸರವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದಲ್ಲಿ ನಡೆಸಿ 1961ರಲ್ಲಿ ಪ್ರಕಟಿಸಿದ ಅಧ್ಯಯನದ ಮಹತ್ವ ಇರುವುದು ಇಲ್ಲಿ. ಥ್ಯಾಮಲಸ್ ಅಂಟಿದ ಕಲ್ಲುಗಳನ್ನು ಅವರು ದಂಡೆಯ ಕೆಳಮಟ್ಟಗಳಲ್ಲಿ ನೆಲೆಗೊಳಿಸಿದರು. ಪ್ರತಿ ಕಲ್ಲಿನ ಅರ್ಧಭಾಗದಲ್ಲಿ ಥ್ಯಾಮಲಸ್‌ಗೆ ತಾಗುವ ಬಲಾನಸ್‌ಗಳನ್ನು ಕಿತ್ತುಹಾಕಿ, ಉಳಿದರ್ಧವನ್ನು ಹಾಗೆಯೇ ಬಿಟ್ಟರು. ಒಮ್ಮೆ ಅಂಟಿದ ಬಾರ್ನಕಲ್ ಜಾಗ ಬದಲಿಸದ ಕಾರಣ ಒಂದೊಂದರ ಅಳಿವು-ಉಳಿವನ್ನೂ ಗುರುತಿಟ್ಟುಕೊಂಡು ಹಿಂಬಾಲಿಸಬಹುದಿತ್ತು.

ಬಲಾನಸ್ ಇಲ್ಲದ ಅರ್ಧದಲ್ಲಿ, ಕೆಳಮಟ್ಟದಲ್ಲೂ ಥ್ಯಾಮಲಸ್ ಬದುಕಿತು. ಉಳಿದರ್ಧದಲ್ಲಿ ಬಲಾನಸ್ ಅದರ ಮೇಲೆ ಹರಡಿ ಮುಚ್ಚಿತು, ಅಡಿಯಿಂದ ಚಿಪ್ಪು ತೂರಿಸಿ ಎಬ್ಬಿತು, ಇಲ್ಲವೇ ಪಕ್ಕದಿಂದ ಒತ್ತಿ ನಜ್ಜುಗುಜ್ಜು ಮಾಡಿತು. ಇಕ್ಕಟ್ಟಿನಲ್ಲೂ ಉಳಿದವು ಗಾತ್ರದಲ್ಲಿ ಸಣ್ಣವಾದ್ದರಿಂದ ಅವುಗಳ ಸಂತಾನವೂ ಕಡಿಮೆಯಾಯಿತು. ಬಲಾನಸ್‌ನ ಮೇಲಿನ ಗಡಿಯ ಕಥೆಯೇ ಬೇರೆ: ಅಲ್ಲಿ ಬಿಸಿಲು ಮತ್ತು ಒಣಗುವಿಕೆ ಅದನ್ನು ತಡೆಯುತ್ತವೆ.

ಇದರಿಂದ ‘ಮೇಲಿನ ಗಡಿ ಭೌತಿಕ, ಕೆಳಗಿನ ಗಡಿ ಜೈವಿಕ’ ಎಂಬ ಸೂತ್ರ ಪ್ರಚಲಿತವಾಯಿತು. ಆದರೆ ಎರಡೂ ಬಗೆಯ ಕಾರಣಗಳು ಒಂದನ್ನೊಂದು ಬಿಟ್ಟು ಕೆಲಸ ಮಾಡುವುದಿಲ್ಲ. ಬಲಾನಸ್ಸನ್ನು ತಿನ್ನುವ ಥೈಸ್ ಎಂಬ ಶಂಖದಹುಳು ಇದ್ದೆಡೆ ಪೈಪೋಟಿ ತಗ್ಗುತ್ತದೆಂದು ಕಾನೆಲ್ ಅವರೇ ತೋರಿಸಿದ್ದಾರೆ. ಅವರ ‘ಥ್ಯಾಮಲಸ್ ಸ್ಟೆಲ್ಲೇಟಸ್’ ಎಂಬ ಗುರುತನ್ನೂ ಇಂದು ಎಚ್ಚರದಿಂದ ಓದಬೇಕು. ಏಕೆಂದರೆ 1976ರಲ್ಲಿ ಜೀವಶಾಸ್ತ್ರಜ್ಞ ಸೌತ್‌ವರ್ಡ್ ಅದರಿಂದ ಥ್ಯಾಮಲಸ್ ಮೊಂಟಗುಯಿಯನ್ನು ಬೇರ್ಪಡಿಸಿದರು.

ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಕಾನೆಲ್ ಪ್ರಯೋಗದಿಂದ ಒಂದು ಮುಖ್ಯ ಸೂಚನೆ ದೊರೆಯುತ್ತದೆ. ಇಂಗ್ಲೆಂಡಿನ ನೈಋತ್ಯ ಕರಾವಳಿಯಲ್ಲಿ ಬೆಚ್ಚನೆಯ ಅವಧಿಯಲ್ಲಿ ಥ್ಯಾಮಲಸ್, ತಂಪಿನ ಅವಧಿಯಲ್ಲಿ ಬಲಾನಸ್ ಹೆಚ್ಚುವುದನ್ನು ಸೌತ್‌ವರ್ಡ್ ಮತ್ತು ಕ್ರಿಸ್ಪ್ ದಾಖಲಿಸಿದ್ದಾರೆ. ಈ ಏರಿಳಿತವನ್ನು ಥ್ಯಾಮಲಸ್‌ನ ತಾಪಸಹನೆಯೊಂದರಿಂದಲೇ ವಿವರಿಸಲು ಹೊರಡುವುದು ಆತುರದ ತೀರ್ಮಾನ. ಬಿಸಿಗೆ ಬಲಾನಸ್ ಸೊರಗಿದರೂ ಥ್ಯಾಮಲಸ್‌ಗೆ ಜಾಗ ದೊರೆಯುತ್ತದೆ. ಆದ್ದರಿಂದ ತಾಪಮಾನದ ದಾಖಲೆಯ ಜೊತೆಗೆ ನೆರೆಯವನ್ನು ಕಿತ್ತು ನೋಡುವ ಪ್ರಯೋಗವೂ ನಡೆಯಬೇಕು.